ಮರಳಕ್ಕನ ಎಡಗಣ್ಣು

“ಮರಳು ಅಂದ್ರೆ ಎಲ್ಲಾ ಒಂದೇ ಅಂದ್ಕೋಬೇಡ ದೊಡ್ಡಮ್ಮ. ಒಂದು ಹಿಡಿ ತಗೊಂಡು ಬಿಳಿ ತಟ್ಟೆ ಮೇಲೆ ಹರಡಿ ನೋಡು. ಬಿಳೀದಿರುತ್ತೆ, ಹಳದೀದಿರುತ್ತೆ, ಗಾಜಿನ ಚೂರಿನ ಹಾಗೆ ಮಿಣಮಿಣ ಅನ್ನೋದಿರುತ್ತೆ, ನಡುನಡುವೆ ಕಾಡಿಗೆ ಉದುರಿದ ಹಾಗೆ ಕಪ್ಪು. ನಂಗೆ ಬೇಕಾದ್ದು ಆ ಕಪ್ಪು ಮಾತ್ರ. ಆಯಸ್ಕಾಂತಕ್ಕೆ ಪ್ಲಾಸ್ಟಿಕ್ ಕವರ್ ಸುತ್ತಿ ಮರಳ ಮೇಲೆ ಮೆಲ್ಲಗೆ ಆಡಿಸ್ತೀನಿ. ಕವರ್ ಇಲ್ದೆ ಇಟ್ರೆ ಮುಗೀತು ಕಥೆ, ಆ ಪುಡಿ ಜನ್ಮ ಬಿಟ್ರೂ ಆಯಸ್ಕಾಂತ ಬಿಡಲ್ಲ. ಕವರ್ ಇದ್ರೆ, ಆಯಸ್ಕಾಂತನ ಹೊರಗೆ ಎಳ್ಕೊಂಡ ಕೂಡಲೇ ಪುಡಿಯೆಲ್ಲ ಜೋಲುಮೋರೆ ಹಾಕ್ಕೊಂಡು ಕೆಳಗೆ ಬೀಳುತ್ತೆ. ಮತ್ತೆ ಆಡಿಸು, ಮತ್ತೆ ಬೀಳಿಸು. ಒಂದು ಬಿಳಿ ಕಾಳೂ ಉಳೀಬಾರ್ದು. ಆಮೇಲೆ ಅದನ್ನ ಉಕ್ಕಿನ ಡಬ್ಬಿಗೆ ಹಾಕಿ, ಉಕ್ಕಿನ ಗುಂಡು ಜೊತೆಗೆ ಹಾಕಿ, ಲ್ಯಾಬಲ್ಲಿರೋ ಮಿಲ್ಲಿಗೆ ಕೊಟ್ರೆ ಅದು ಗಡಗಡ ತಿರುಗಿ ಹಿಟ್ಟು ಮಾಡಿ ಇಡುತ್ತೆ. ಆ ಡಬ್ಬಿ ಮುಚ್ಚಳ ಇದ್ಯಲ್ಲ, ಜಿಪುಣನ ಮುಷ್ಟಿ. ಪುಡಿ ಸಿಕ್ಕಿಹಾಕ್ಕೊಂಡು ಬಿಗಿದುಬಿಟ್ರೆ ಯಾರ ಅಪ್ಪನ ಮಾತೂ ಕೇಳಲ್ಲ. ಉಳಿ ಇಟ್ಟು ಸುತ್ತಿಗೇಲಿ ಬಡೀಬೇಕು. ಹೋದ ಬೇಸಿಗೇಲಿ ಹಂಗೇ ಬಡೀತಾ ಇದ್ದಾಗ ಕಣ್ಣು ಚುಳ್ ಅಂತು, ನೀರು ಎರಚ್ಕೊಂಡೆ, ಹೋಯ್ತು. ಆಮೇಲೆ ಆ ಹಿಟ್ಟನ್ನ ಆಸಿಡ್ಡಲ್ಲಿ ಕರಗಿಸ್ತೀವಿ. ನಮ್ಮ ಕಾಲೇಜಿನ ಮೇಡಂ ಅದಕ್ಕೆ ಒಂದಿಷ್ಟು ಬೇರೆ ಲೋಹದ ಉಪ್ಪು ಬೆರೆಸ್ತಾರೆ, ಒಂದು ದಿನ ಸತು, ಒಂದು ದಿನ ಇನ್ನೇನೋ. ಬೆರಕೆ ಎಷ್ಟಾದ್ರೆ ಎಳೆಯೋ ಶಕ್ತಿ ಎಷ್ಟಾಗುತ್ತೆ, ಒಳಗಿನ ಕಟ್ಟಡ ಹೆಂಗೆ ಬದಲಾಗುತ್ತೆ ಅಂತ ನೋಡೋದೇ ಅವರ ಕೆಲಸ. ಆಮೇಲೆ ನಾನು ಕ್ಷಾರದ ನೀರು ತೊಟ್ಟು ತೊಟ್ಟಾಗಿ ಬಿಡ್ತೀನಿ. ಬಿಡ್ತಾ ಬಿಡ್ತಾ ಚಹಾ ಬಣ್ಣದ ನೀರು ಇದ್ದಕ್ಕಿದ್ದಂಗೆ ಕಪ್ಪಾಗುತ್ತೆ ನೋಡು, ಆಗ ಮಾತ್ರ ಪ್ರತಿ ಸಲ ಎದೆ ಧಸಕ್ ಅನ್ನುತ್ತೆ. ಆ ಪುಡಿ ಎಷ್ಟು ಸಣ್ಣದು ಅಂದ್ರೆ ಕಣ್ಣಿಗೆ ಪುಡಿ ಅಂತಾನೇ ಕಾಣಲ್ಲ, ಶಾಯಿ ಅನ್ಸುತ್ತೆ. ಗಾಜಿನ ಆಚೆ ಕಡೆ ಆಯಸ್ಕಾಂತ ಹಿಡಿದ್ರೆ ಕುರುಡು ಹುಳ ವಾಸನೆ ಹಿಡ್ಕೊಂಡು ಬಂದಂಗೆ ಗೋಡೆ ಹತ್ತಿ ಬರುತ್ತೆ. ಅದಕ್ಕೆ ಕಣ್ಣಿಲ್ಲ, ಕಾಲಿಲ್ಲ. ಬರುತ್ತೆ.”

ಹೀಗೆ ಹೇಳಿದವಳು ನನ್ನ ತಂಗಿಯ ಮಗಳು. ಹೇಳಿದ್ದು ಕಣ್ಣಿನ ಗೋಳು ಶುರುವಾಗುವುದಕ್ಕೆ ಮುಂಚೆ, ಅಡುಗೆಮನೆಯಲ್ಲಿ ಕೂತು, ಕೈಯಲ್ಲಿ ಏನೂ ಇಲ್ಲದಿದ್ದರೂ ಕವರು ಸುತ್ತಿದ ಆಯಸ್ಕಾಂತ ಇದ್ದ ಹಾಗೆ ಬೆರಳು ಆಡಿಸುತ್ತಾ. ಕಾಲೇಜಿನ ಪ್ರಯೋಗಶಾಲೆಯ ಹುಡುಗಿಯರು ಅವಳಿಗೆ ಇಟ್ಟ ಹೆಸರು ಮರಳಕ್ಕ. ಮೊದಲು ತಮಾಷೆಗೆ ಇಟ್ಟದ್ದು, ಆಮೇಲೆ ಅದೇ ನಿಂತಿತು. ಈಗ ಮನೆಯಲ್ಲೂ ನಾವು ಹಾಗೇ ಕರೆಯುತ್ತೇವೆ.

ಅವಳು ಅಲ್ಲಿಗೆ ಸೇರಿದ್ದು ಗುಡಿಸುವ ಕೆಲಸಕ್ಕೆ. ಗಾಜಿನ ಪಾತ್ರೆ ತೊಳೆಯುವವಳು ಬಿಟ್ಟು ಹೋದಾಗ ಇವಳ ಕೈಗೆ ಕೊಟ್ಟರು. ಒಂದೂ ಒಡೆಯದೆ ತೊಳೆದಿಟ್ಟಳಂತೆ. ಮೇಡಂ ಮರಳು ಆರಿಸುವ ಕೆಲಸ ಹಚ್ಚಿದರು, ಅದರಿಂದ ಒಂದೊಂದೇ ಮೆಟ್ಟಿಲು ಹತ್ತಿ ಆಸಿಡ್‌ವರೆಗೆ ಬಂದಳು. ಅವಳ ಬೆರಳ ಗೆರೆಗಳಲ್ಲಿ ಕೂತ ಕಪ್ಪು ಎಷ್ಟು ಸೋಪು ಹಾಕಿದರೂ ಹೋಗುತ್ತಿರಲಿಲ್ಲ. ಒಂದು ಮದುವೆಮನೆಯಲ್ಲಿ ಪಕ್ಕದಲ್ಲಿ ಕೂತ ಹೆಂಗಸು ಅವಳ ಕೈ ನೋಡಿ, ಕೂದಲಿಗೆ ಯಾವ ಬಣ್ಣ ಹಚ್ಚುತ್ತೀರಿ, ಚೆನ್ನಾಗಿ ನಿಂತಿದೆ, ಎಂದು ಕೇಳಿದ್ದಳು.

ಅವಳ ಗಂಡ, ಅಂದರೆ ನಮ್ಮ ಅಳಿಯ, ಮನೆಗಳಿಗೆ ಬಣ್ಣ ಹೊಡೆಯುವವನು. ಗೋಡೆಗಿಂತ ಕಿಟಕಿ ಸರಳು, ಗೇಟು, ಗ್ರಿಲ್ಲು ಇಂಥವೇ ಅವನಿಗೆ ಹೆಚ್ಚು ಸಿಗುವುದು. ತುಕ್ಕು ಕೆರೆದು, ಕೆಂಪು ಬಣ್ಣದ ಅಸ್ತರು ಹೊಡೆದು, ಮೇಲೆ ಬೇಕಾದ ಬಣ್ಣ. ಆ ಕೆಂಪೂ ತನ್ನ ಕಪ್ಪು ಪುಡಿಯೂ ಒಂದು ಬಗೆಯ ಕಬ್ಬಿಣದ ತುಕ್ಕೇ ಎಂದು ಮರಳಕ್ಕ ಹೇಳಿದ ದಿನದಿಂದ ಅವನಿಗೆ ಒಂದು ಮಾತು ಸಿಕ್ಕಿಬಿಟ್ಟಿತು. ಬಂದವರ ಮುಂದೆಲ್ಲ ಹೇಳುತ್ತಿದ್ದ: ನಮ್ಮ ಮನೆ ನಡೀತಿರೋದೇ ತುಕ್ಕಿನ ಮೇಲೆ, ನಾನು ಕೆರೀತೀನಿ, ಇವಳು ಮಾಡ್ತಾಳೆ.

ಟಯರ್ ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ ನಾವು ಮೂವರು. ಮಕ್ಕಳಿಲ್ಲ. ನನ್ನ ಯಜಮಾನರು ಹೋದ ಮೇಲೆ ಅವಳೇ ಬಂದು ನನ್ನ ಪೆಟ್ಟಿಗೆ ಎತ್ತಿಕೊಂಡು, ಬಾ ದೊಡ್ಡಮ್ಮ, ಒಬ್ಬಳೇ ಕೂತು ಗೋಡೆ ಜೊತೆ ಜಗಳ ಆಡಬೇಡ ಅಂದು ಕರೆತಂದಳು.

ಅವಳ ಕಣ್ಣು ಕೆಟ್ಟದ್ದು ಮೊದಲು ಗೊತ್ತಾದದ್ದು ಅಳಿಯನ ಹಲ್ಲಿಗೆ. ಮನೆಯಲ್ಲಿ ಬೇಳೆ ಆರಿಸುವುದು ಅವಳ ಪಾಲಿನ ಕೆಲಸ. ಕೆಲಸದಿಂದ ಬಂದು, ಕಾಲು ನೀಡಿ, ಮೊರ ತೊಡೆಯ ಮೇಲಿಟ್ಟುಕೊಂಡು ಆರಿಸುವಳು. ಅದೇ ಅವಳಿಗೆ ವಿಶ್ರಾಂತಿ. ಒಂದು ದಿನ ಊಟಕ್ಕೆ ಕೂತಾಗ ಅಳಿಯ ಕಟಕ್ಕೆಂದು ಕಲ್ಲು ಕಡಿದ. ಮಾರನೆಯ ದಿನ ಮತ್ತೆ. ಮೂರನೆಯ ಸಲ ಕಲ್ಲನ್ನು ತಟ್ಟೆಯ ಅಂಚಿಗಿಟ್ಟು, ಅತ್ತೆ, ನಿಮ್ಮ ಮಗಳು ಕಚೇರಿ ಕೆಲಸ ಮನೆಗೂ ತರ್ತಿದ್ದಾಳೆ, ನೋಡಿ, ಮರಳು ಅಂದ. ಎಲ್ಲರೂ ನಕ್ಕೆವು. ಅವಳು ನಗಲಿಲ್ಲ. ಆ ಕಲ್ಲನ್ನು ಎತ್ತಿ ಕಣ್ಣಿಗೆ ಹತ್ತಿರ ಹಿಡಿದು, ದೂರ ಹಿಡಿದು, ಮತ್ತೆ ಹತ್ತಿರ ಹಿಡಿದು ನೋಡುತ್ತಾ ಇದ್ದಳು.

ಆಮೇಲೆ ನಾನು ಗಮನಿಸತೊಡಗಿದೆ. ಬಾಗಿಲಿನ ಎಡ ಚೌಕಟ್ಟಿಗೆ ಭುಜ ತಾಗಿಸಿಕೊಂಡು ಒಳಗೆ ಬರುವಳು. ನೀರು ಬಗ್ಗಿಸಿದರೆ ಲೋಟದ ಪಕ್ಕಕ್ಕೆ ಬೀಳುವುದು. ಸಂಜೆ ಮಬ್ಬಾಗುತ್ತಿದ್ದ ಹಾಗೆ ಮೆಟ್ಟಿಲ ಬಳಿ ನಿಂತು, ಕಾಲಿನಿಂದ ತಡವಿ, ಆಮೇಲೆ ಹೆಜ್ಜೆ ಇಡುವಳು. ಅಳಿಯ ಒಂದು ಬೆಳಿಗ್ಗೆ ಅವಳ ಗಲ್ಲ ಹಿಡಿದು ಮುಖವನ್ನು ಕಿಟಕಿಯ ಕಡೆ ತಿರುಗಿಸಿ, ಏನೇ ಇದು, ಎಡಗಣ್ಣಿಗೆ ಒಂದು ಕೋಟ್ ಜಾಸ್ತಿ ಹೊಡೆದಿದ್ದಾರಲ್ಲ ಅಂದ. ಬಣ್ಣದವನ ಕಣ್ಣು, ಸುಮ್ಮನೆ ಹೇಳುವವನಲ್ಲ. ನಾನೂ ನೋಡಿದೆ. ನಿಜವೇ. ಎರಡು ಕಣ್ಣಿನ ಬಣ್ಣವೂ ಒಂದೇ ಆಗಿರಲಿಲ್ಲ. ಎಡದ್ದು ಸ್ವಲ್ಪ ಕಂದು ತಿರುಗಿತ್ತು. ಹಾಗೆಲ್ಲ ವಯಸ್ಸಿಗೆ ಆಗುತ್ತೆ ಬಿಡು ಅಂದೆ. ಅವಳಿಗೆ ಇನ್ನೂ ಅಂಥ ವಯಸ್ಸೇನೂ ಆಗಿರಲಿಲ್ಲ.

ಕಣ್ಣಿನ ಡಾಕ್ಟರು ಟಾರ್ಚು ಹಾಕಿ ನೋಡಿದರು. ಹಾಕಿದರು, ತೆಗೆದರು, ಹಾಕಿದರು. ಬಲಗಣ್ಣಿನ ಪಾಪೆ ಬೆಳಕಿಗೆ ಕುಗ್ಗುತ್ತದೆ, ಎಡಗಣ್ಣಿನದು ಕುಗ್ಗುತ್ತಿಲ್ಲ ಎಂದರು. ಕಣ್ಣಿನ ಹಿಂದೆ ನರದ ಮೇಲೆ ಏನಾದರೂ ಬೆಳೆದು ಒತ್ತುತ್ತಿರಬಹುದು, ಇರಲಿಕ್ಕಿಲ್ಲ, ಆದರೆ ನೋಡಲೇಬೇಕು, ತಲೆಯನ್ನು ದೊಡ್ಡ ಆಯಸ್ಕಾಂತದ ಮಿಷನ್ನಿನಲ್ಲಿ ಚಿತ್ರ ತೆಗೆಸಿ, ತಡ ಮಾಡಿದರೆ ಈ ಕಣ್ಣು ಹೋಗುತ್ತದೆ, ಬೆಳೆದದ್ದೇ ಆಗಿದ್ದರೆ ಇನ್ನೊಂದನ್ನೂ ಜೀವವನ್ನೂ ನಂಬುವ ಹಾಗಿಲ್ಲ ಅಂದರು. ಅಳಿಯ ಕುರ್ಚಿಯ ಕೈ ಹಿಡಿದುಕೊಂಡ. ಅವಳ ಮುಖ ನೋಡಿದೆ. ಬೆಳೆದದ್ದು, ಕಣ್ಣು, ಜೀವ ಯಾವುದೂ ಅವಳ ಕಿವಿಗೆ ಬಿದ್ದ ಹಾಗೆ ಕಾಣಲಿಲ್ಲ. ಹೊರಗೆ ಬಂದ ಮೇಲೆ ಒಂದೇ ಕೇಳಿದಳು: ಆಯಸ್ಕಾಂತ ಅಂದರಲ್ಲ, ಎಷ್ಟು ದೊಡ್ಡದು ಇರಬಹುದು?

ಸ್ಕ್ಯಾನಿಗೆ ನಾನೂ ಅವಳೂ ಹೋದೆವು, ಅಳಿಯನಿಗೆ ಅವತ್ತು ಒಪ್ಪಿಕೊಂಡ ಕೆಲಸವಿತ್ತು. ಅಲ್ಲಿನ ಮಿಷನ್ನಿನವನು, ಕನ್ನಡಕ ಹಣೆಗೇರಿಸಿಕೊಂಡ ಹುಡುಗ, ಬಂದವರನ್ನೆಲ್ಲ ಕೇಳುವ ಹಾಗೇ ಇವಳನ್ನೂ ಕೇಳಿದ. ಮೈಯಲ್ಲಿ ಎಲ್ಲಾದರೂ ಕಬ್ಬಿಣ ಇದೆಯಾ, ಎದೆಗೆ ಯಂತ್ರ ಕೂರಿಸಿದ್ದಾರಾ, ಮೂಳೆಗೆ ಕಂಬಿ ಹಾಕಿದ್ದಾರಾ. ಬಟ್ಟೆ ಬದಲಾಯಿಸಲು ತೋರಿಸಿದ ಕೋಣೆಗೆ ಹೋದವಳು ಅದೇ ಸೀರೆಯಲ್ಲಿ ಹೊರಗೆ ಬಂದು, ನನ್ನ ಕೈ ಹಿಡಿದು ಬಾಗಿಲ ಕಡೆ ನಡೆದಳು. ಮಿಷನ್ನು ಕೆಟ್ಟಿದೆಯಂತೆ ದೊಡ್ಡಮ್ಮ ಅಂದಳು. ಗೋಡೆಯ ಆಚೆ ಆ ಮಿಷನ್ನು ಠಕ್ ಠಕ್ ಠಕ್ ಎಂದು ಬಡಿದುಕೊಳ್ಳುತ್ತಲೇ ಇತ್ತು. ನನಗೆ ಕಿವಿ ಸರಿಯಾಗಿದೆ. ಆದರೂ ಕೇಳದವಳ ಹಾಗೆ ಬಂದೆ. ಅವಳು ಸುಳ್ಳು ಹೇಳುವವಳಲ್ಲ. ಹೇಳಿದ್ದಾಳೆ ಅಂದರೆ ಅದರ ಹಿಂದೆ ಏನೋ ಇದೆ, ತಾನಾಗಿ ಹೇಳಲಿ ಎಂದುಕೊಂಡೆ.

ಅಳಿಯನಿಗೂ ಮಿಷನ್ನು ಕೆಟ್ಟಿದೆ ಎಂದೇ ಹೇಳಿದಳು. ರಿಪೇರಿ ಆಯಿತಾ ಎಂದು ಅವನು ದಿನಾ ಕೇಳುವನು, ಇವಳು ದಿನಾ ಒಂದು ನೆಪ ಹೂಡುವಳು. ಮನೆಯೊಳಗೆ ಓಡಾಡುವುದೇ ಬೇರೆ ರೀತಿಯಾಯಿತು. ಕೆಮ್ಮು ಬಂದರೆ ಕರ್ಚೀಫು ಒತ್ತಿಹಿಡಿದು ಆಚೆ ಹೋಗುವಳು. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಆಯಸ್ಕಾಂತದ ಗೊಂಬೆ ಒಂದು ದಿನ ಇರಲಿಲ್ಲ. ಎಲ್ಲಿ ಎಂದರೆ ಬಿದ್ದು ಹೋಯಿತು ಅಂದಳು. ಕಸದ ಬುಟ್ಟಿಯಲ್ಲಿ ಅದು ಕಾಗದದಲ್ಲಿ ಸುತ್ತಿಕೊಂಡು ಕೂತಿತ್ತು.

ಒಂದು ಮಧ್ಯಾಹ್ನ ನಾನು ತರಕಾರಿ ತರಲು ಹೋದವಳು ಚೀಲ ಮರೆತು ಹಿಂದೆ ಬಂದೆ. ಅವಳು ಅವತ್ತು ರಜೆ ಹಾಕಿ ಮನೆಯಲ್ಲಿದ್ದಳು. ಅಡುಗೆಮನೆಯ ನೆಲದ ಮೇಲೆ, ಕಿಟಕಿಯ ಬೆಳಕು ಬೀಳುವ ಕಡೆ ಕೂತಿದ್ದಳು. ಎದುರಿಗೆ ತಟ್ಟೆ, ತಟ್ಟೆಯಲ್ಲಿ ಅವಳ ಕರ್ಚೀಫು, ಕೆಲಸದ ಜಾಗದಲ್ಲಿ ಮೂಗು ಒರೆಸಿ ಒಣಗಿ ಗರಿಗರಿಯಾದದ್ದು. ಕೈಯಲ್ಲಿ ಹೆಬ್ಬೆರಳಷ್ಟು ಆಯಸ್ಕಾಂತ. ನಾನು ಬಂದದ್ದು ಅವಳಿಗೆ ಗೊತ್ತಾಗಲಿಲ್ಲ, ನಾನು ನಿಂತದ್ದು ಅವಳ ಎಡಕ್ಕೆ. ಆಯಸ್ಕಾಂತವನ್ನು ಮೇಲಿನಿಂದ ನಿಧಾನವಾಗಿ ಇಳಿಸಿದಳು. ಕರ್ಚೀಫಿನ ಒಂದು ಮೂಲೆ ಅಲ್ಲಾಡಿತು. ಗಾಳಿ ಇರಲಿಲ್ಲ. ಮೂಲೆ ಎದ್ದು ನಿಂತು, ಹಾವಿನ ಮರಿ ತಲೆ ಎತ್ತಿದ ಹಾಗೆ ಆಯಸ್ಕಾಂತದ ಕಡೆ ಬಾಗಿತು. ನನ್ನ ಬಾಯಿಂದ ಏನೋ ಸದ್ದು ಹೊರಟಿರಬೇಕು. ಅವಳು ತಿರುಗಿದಳು. ಬೆಚ್ಚಿ ಬೀಳಲಿಲ್ಲ. ಯಾರಾದರೂ ನೋಡಲಿ ಎಂದೇ ಕಾಯುತ್ತಿದ್ದವಳ ಹಾಗೆ ಇತ್ತು ಮುಖ.

“ನನ್ನೊಳಗೂ ಇದೆ ದೊಡ್ಡಮ್ಮ. ಇಷ್ಟು ವರ್ಷ ಉಸಿರಾಡಿದ್ದೀನಲ್ಲ. ಮೂಗಲ್ಲಿದೆ ಅಂದ್ಮೇಲೆ ಎದೇಲಿದೆ, ತಲೇಲಿದೆ. ಈ ಇಷ್ಟುದ್ದದ್ದು ಗಾಜಿನ ಆಚೆಯಿಂದ ಎಳೆಯೋದನ್ನ ದಿನಾ ನೋಡ್ತೀನಿ. ಅಲ್ಲಿರೋದು ಮನುಷ್ಯನ್ನ ಒಳಗೆ ಹಾಕ್ಕೊಳ್ಳೋವಷ್ಟು ದೊಡ್ಡದು. ನಾನು ಮಲಗ್ತೀನಿ, ಗುಂಡಿ ಒತ್ತುತ್ತಾರೆ. ಆಮೇಲೆ ನನ್ನೊಳಗಿಂದ ಅದು ಎದ್ದು ಬಂದ್ರೆ?”

ನಾನು ಓದಿದವಳಲ್ಲ. ಹಾಗೇನೂ ಆಗಲ್ಲ ಅನ್ನೋಣವೆಂದರೆ ಕಣ್ಣೆದುರಿಗೇ ಬಟ್ಟೆ ತಲೆ ಎತ್ತಿದ್ದನ್ನು ನೋಡಿದ್ದೆ. ಪಕ್ಕದಲ್ಲಿ ಕೂತು ಅವಳ ಬೆನ್ನ ಮೇಲೆ ಕೈ ಇಟ್ಟೆ. ನಮ್ಮನೆಯವರಿಗೆ ಹೇಳಬೇಡ, ಹೊತ್ತುಕೊಂಡು ಹೋಗಿ ಮಲಗಿಸಿಬಿಡ್ತಾರೆ ಅಂದಳು. ಹೇಳಲ್ಲ ಅಂದೆ.

ಅಂದೆನೇ ಹೊರತು ನಿದ್ದೆ ಎಲ್ಲಿಂದ ಬರಬೇಕು. ಮಲಗಿದರೆ ಗೋಡೆಯ ಆಚೆಯ ಆ ಠಕ್ ಠಕ್ ಕೇಳುವುದು. ಹೋದರೆ ಆ ಭಯ, ಹೋಗದಿದ್ದರೆ ಡಾಕ್ಟರು ಹೇಳಿದ ಭಯ. ಎರಡರ ನಡುವೆ ಅವಳ ಕಣ್ಣಿನ ಬೆಳಕು ಬತ್ತುತ್ತಾ ಇತ್ತು. ಎಡಗಡೆಯಿಂದ ಮಾತಾಡಿಸಿದರೆ ಬೆಚ್ಚುವಳು. ಒಂದು ಸಂಜೆ ರಸ್ತೆ ದಾಟುವಾಗ ಎಡದಿಂದ ಬಂದ ಲಾರಿ ಅವಳಿಗೆ ಕಾಣಲೇ ಇಲ್ಲ. ಸೆರಗು ಹಿಡಿದು ಎಳೆದೆ. ಸೆರಗು ಹರಿಯಿತು, ಅವಳು ನನ್ನ ಮೇಲೆ ಬಿದ್ದಳು, ಲಾರಿಯವನು ಬೈದುಕೊಂಡು ಹೋದ. ಇಬ್ಬರೂ ಚರಂಡಿಯ ಕಟ್ಟೆಯ ಮೇಲೆ ಕೂತೆವು. ಅವಳು ಹರಿದ ಸೆರಗನ್ನು ಮಡಿಸಿ ಮಡಿಸಿ ಬಿಡಿಸುತ್ತಿದ್ದಳು. ಅವತ್ತು ನಾನು ನಿಶ್ಚಯ ಮಾಡಿದೆ. ಅಳಿಯನಿಗೆ ಹೇಳಲ್ಲ ಅಂದಿದ್ದೇನೆ, ಮೇಡಮ್ಮಿಗೆ ಹೇಳಲ್ಲ ಅಂದಿಲ್ಲವಲ್ಲ.

ಮಾರನೆಯ ದಿನ ಅವಳು ಊಟದ ಡಬ್ಬಿ ಬಿಟ್ಟು ಹೋಗಿದ್ದಳು. ಬಿಟ್ಟು ಹೋದಳೋ, ನಾನು ಚೀಲಕ್ಕೆ ಹಾಕದೆ ಉಳಿಸಿದೆನೋ, ಅದು ಬೇರೆ ಮಾತು. ಡಬ್ಬಿ ಹಿಡಿದು ಹೋದೆ. ಉದ್ದನೆಯ ಕೋಣೆ, ಕಲ್ಲಿನ ಮೇಜುಗಳು, ಎಲ್ಲ ಕಡೆ ಆಸಿಡ್ಡಿನ ಹುಳಿ ವಾಸನೆ. ಮೂಲೆಯಲ್ಲಿ ಅವಳ ತಟ್ಟೆ, ಮರಳು, ಕವರು. ಅವಳು ಗಾಜು ತೊಳೆಯಲು ಹಿಂದಕ್ಕೆ ಹೋಗಿದ್ದಳು. ಮೇಡಂ ನನಗಿಂತ ಚಿಕ್ಕವರು, ಅವಳಿಗಿಂತ ಸ್ವಲ್ಪ ದೊಡ್ಡವರು, ತಲೆಗೂದಲು ಪೆನ್ನಿನಲ್ಲೇ ಸಿಕ್ಕಿಸಿಕೊಂಡಿದ್ದರು. ನಿಂತೇ ಎಲ್ಲ ಹೇಳಿಬಿಟ್ಟೆ. ಕರ್ಚೀಫು, ತಲೆ ಎತ್ತಿದ್ದು, ಮಿಷನ್ನು ಕೆಟ್ಟಿದೆ ಎಂಬ ಸುಳ್ಳು. ನಗುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ. ಕೂತುಬಿಟ್ಟರು. ಇಷ್ಟು ದಿನ ಮುಖಗವಸು ಹಾಕ್ಕೋ ಅಂತ ಹೇಳ್ತಾ ಇದ್ದೆ, ಹಾಕ್ಕೊಂಡಳಾ ಅಂತ ನೋಡಲಿಲ್ಲ ಅಂದರು.

ಅವಳನ್ನು ಕರೆದು ಪಕ್ಕ ಕೂರಿಸಿಕೊಂಡು ತುಂಬ ಹೊತ್ತು ಹೇಳಿದರು. ನನಗೆ ತಿಳಿದಷ್ಟು ಇದು. ಕರ್ಚೀಫಿನಲ್ಲಿ ಇರುವುದು ಮೂಗು ತಡೆದ ದೂಳು, ಕೈಯಿಂದ ಮುಖಕ್ಕೆ ಹತ್ತಿದ್ದು. ಉಸಿರಿನಲ್ಲಿ ಒಂದಿಷ್ಟು ಒಳಗೆ ಹೋಗಿದ್ದರೆ ಅದು ಒಳ್ಳೆಯದಲ್ಲ, ಎದೆಯ ಡಾಕ್ಟರಿಗೆ ತೋರಿಸೋಣ, ಆದರೆ ಅಷ್ಟು ಸಣ್ಣದನ್ನು ಆ ಮಿಷನ್ನು ಮಾಂಸ ಹರಿದು ಎಳೆದುಕೊಳ್ಳುವುದಿಲ್ಲ. ಇದೇ ಜಾತಿಯ ಪುಡಿಯನ್ನು ಡಾಕ್ಟರುಗಳು ಬೇಕೆಂದೇ ರಕ್ತಕ್ಕೆ ಬಿಟ್ಟು ಅದೇ ಮಿಷನ್ನಿನಲ್ಲಿ ನೋಡಿದ್ದುಂಟು, ನಾವು ಇಲ್ಲಿ ಬೆರಕೆ ಹಾಕಿ ಹಾಕಿ ನೋಡುತ್ತಿರುವುದೇ ಮುಂದೆ ಅಂಥ ಕೆಲಸಕ್ಕೆ ಬರಲಿ ಎಂದು. ಆಮೇಲೆ ಒಂದು ಸಣ್ಣ ಸೀಸೆ ತಂದು ಆಯಸ್ಕಾಂತ ಹಿಡಿದರು. ಪುಡಿ ಮಿಸುಕಲಿಲ್ಲ. ಸತು ಜಾಸ್ತಿ ಬಿದ್ದದ್ದು, ಇದಕ್ಕೆ ಸೋಮಾರಿತನ ಹತ್ತಿದೆ ಅಂದರು. ಮರಳಕ್ಕ ಅದನ್ನು ನೋಡಿ ನಕ್ಕಳು. ಎಷ್ಟೋ ದಿನದ ಮೇಲೆ ಅವಳ ನಗು ಕೇಳಿದೆ. ಹಾಗಾದರೆ ನನಗೂ ಒಂದಿಷ್ಟು ಸತು ಕುಡಿಸಿಬಿಡಿ ಮೇಡಂ ಅಂದಳು.

ಮನೆಗೆ ಬರುವ ದಾರಿಯಲ್ಲಿ ಮಾತ್ರ, ತಲೆಗೆ ಅರ್ಥ ಆಯ್ತು ದೊಡ್ಡಮ್ಮ, ಹೊಟ್ಟೆಗೆ ಇನ್ನೂ ಅರ್ಥ ಆಗಿಲ್ಲ ಅಂದಳು. ಅವತ್ತು ಸಂಜೆ ತಾನೇ ಅಳಿಯನಿಗೆ ಎಲ್ಲ ಹೇಳಿದಳು. ಅವನು ಬೈಯಲಿಲ್ಲ. ಫ್ರಿಜ್ಜಿನ ಗೊಂಬೆ ಎಲ್ಲಿ ಹೋಯಿತು ಎಂದು ಈಗ ಗೊತ್ತಾಯಿತು ಅಂದ, ಅಷ್ಟೇ.

ಎರಡನೆಯ ಸಲ ಮೂವರೂ ಹೋದೆವು. ಮೇಡಮ್ಮಿಗೆ ಪಾಠವಿತ್ತು. ಫೋನಿನಲ್ಲಿ ಧೈರ್ಯ ಹೇಳಿ, ಕಬ್ಬಿಣ ಇದೆಯಾ ಅಂತ ಕೇಳಿದ್ರೆ ಪುಡಿ ಗಿಡಿ ಅಂತ ಹೇಳೋಕೆ ಹೋಗಬೇಡ, ಇಲ್ಲ ಅನ್ನು, ಸಾಕು ಅಂದರಂತೆ. ಕನ್ನಡಕ ಹಣೆಗೇರಿಸಿದ ಅದೇ ಹುಡುಗ. ಇವಳ ಗುರುತು ಹಿಡಿದ. ಮತ್ತೆ ಕೇಳಿದ, ಇವಳು ಇಲ್ಲ ಅಂದಳು, ಒಂದೊಂದಕ್ಕೂ ಇಲ್ಲ, ಇಲ್ಲ, ಇಲ್ಲ. ಓಲೆ ಬಿಚ್ಚಿಸಿದ, ಬಳೆ ತೆಗೆಸಿದ, ಕೂದಲಿನ ಪಿನ್ನುಗಳನ್ನು ತಟ್ಟೆಗೆ ಹಾಕಿಸಿದ. ಪಿನ್ನು ಮುಗಿಯದ್ದು ನೋಡಿ, ಏನಮ್ಮ, ಅಂಗಡಿ ಇಟ್ಟಿದ್ದೀರಾ ತಲೆಯಲ್ಲಿ ಅಂದ. ಒಳಗೆ ಇನ್ನೊಬ್ಬರು ಮಲಗಿದ್ದರು, ಅವರದ್ದು ಮುಗಿಯುವವರೆಗೆ ಬೆಂಚಿನ ಮೇಲೆ ಕೂರಿ ಎಂದ. ಆಸ್ಪತ್ರೆಯ ಹಸಿರು ಅಂಗಿಯಲ್ಲಿ ಅವಳು ನನ್ನ ಮತ್ತು ಅಳಿಯನ ನಡುವೆ ಕೂತಳು. ಓಲೆಯಿಲ್ಲದ ಕಿವಿ ಸಣ್ಣ ಮಗುವಿನದರ ಹಾಗೆ ಕಾಣುತ್ತಿತ್ತು. ಅಳಿಯ ಅವಳ ಕೈ ಹಿಡಿದುಕೊಂಡಿದ್ದ, ಉಗುರಿನ ಸುತ್ತ ಅವನಿಗೆ ಕೆಂಪು, ಅವಳಿಗೆ ಕಪ್ಪು.

ಗೋಡೆಯ ಆಚೆ ಶುರುವಾಯಿತು. ಠಕ್ ಠಕ್ ಠಕ್ ಠಕ್. ಬೆಂಚಿನವರೆಗೂ ಅದುರು ಬರುತ್ತಿತ್ತು. ಅವಳು ಏನಾದರೂ ಮಾತಾಡಿದರೆ ಹೆದರಿಕೆ ಕಡಿಮೆಯಾಗುತ್ತೆ ಎನ್ನುವವಳ ಹಾಗೆ, ನಗಲು ನೋಡುತ್ತಾ ಅಳಿಯನಿಗೆ ಹೇಳಿದಳು.

“ನಮ್ಮ ಡಬ್ಬಿ ಮುಚ್ಚಳ ಬಡಿದಂಗೇ ಇದೆ ನೋಡಿ. ಉಳಿ ಒಂದು ಇಲ್ಲ ಅಷ್ಟೇ.”

ಆ ಹುಡುಗ ಪಿನ್ನಿನ ತಟ್ಟೆ ಎತ್ತಿಕೊಂಡು ಹೋಗುತ್ತಿದ್ದವನು ನಿಂತ.

“ಯಾವ ಉಳಿ?” ಅಂದ.

ಅವಳು ಹೇಳಿದಳು. ಉಕ್ಕಿನ ಡಬ್ಬಿ, ಜಿಪುಣನ ಮುಷ್ಟಿ, ಸುತ್ತಿಗೆ. ನಮಗೆಲ್ಲ ಹೇಳುವ ಹಾಗೇ, ಕೈಮಾಡಿ ತೋರಿಸುತ್ತಾ. ಕಣ್ಣಿಗೆ ಏನಾದರೂ ಹಾರಿತ್ತಾ ಎಂದು ಅವನು ಕೇಳಿದ. ದನಿ ಬದಲಾಗಿತ್ತು. ಮೆತ್ತಗಾಗಿತ್ತು. ಹಾರಿತ್ತು, ನೀರು ಹಾಕಿ ತೊಳೆದೆ, ಹೋಯಿತು ಅಂದಳು. ಯಾವ ಕಣ್ಣು ಅಂದ. ಅವಳು ಕೈ ಎತ್ತಿದಳು. ಎತ್ತಿದ ಕೈ ಎಡಗಣ್ಣಿನ ಹತ್ತಿರ ಹೋಗಿ, ಮುಟ್ಟದೆ, ಅಲ್ಲೇ ನಿಂತಿತು.

ಆಚೆ ಮಿಷನ್ನು ಬಡಿಯುತ್ತಿತ್ತು. ಹುಡುಗ ಕನ್ನಡಕ ಕಣ್ಣಿಗೆ ಇಳಿಸಿಕೊಂಡ. ಹೋಗಿ ಆ ಕೋಣೆಯ ಬಾಗಿಲು ಸರಿಯಾಗಿ ಹಾಕಿದೆಯಾ ಎಂದು ತಳ್ಳಿ ನೋಡಿ ಬಂದ. ಇವತ್ತು ನೀವು ಒಳಗೆ ಹೋಗೋದು ಬೇಡ ಅಮ್ಮ, ಮೊದಲು ಕಣ್ಣಿನ ಎಕ್ಸ್‌ರೇ ತೆಗೆಸೋಣ ಅಂದ. ನಡೆಸಿಕೊಂಡು ಹೋಗುವಾಗ ಅವಳನ್ನು ಆ ಬಾಗಿಲಿನಿಂದ ಆಚೆ ಬದಿಗೆ ಹಾಕಿಕೊಂಡು, ತಾನು ನಡುವೆ ನಡೆದ.

ಎಕ್ಸ್‌ರೇಯಲ್ಲಿ ತಲೆಬುರುಡೆ ಬೂದು ಬಣ್ಣಕ್ಕೆ ಕಾಣುತ್ತಿತ್ತು. ಎಡಗಣ್ಣಿನ ಗುಂಡಿಯೊಳಗೆ ಒಂದು ಬಿಳಿ ಚುಕ್ಕೆ. ಎಳ್ಳಿನ ತುದಿಯಷ್ಟು, ಬಿಳಿ ಅಂದರೆ ಅಚ್ಚ ಬಿಳಿ. ಅಳಿಯ ಅದನ್ನು ಚಿತ್ರದ ಮೇಲಿನ ದೂಳು ಎಂದುಕೊಂಡು ಉಗುರಿನಿಂದ ಕೆರೆಯಲು ಹೋದ. ಹೋಗಲಿಲ್ಲ.

ಕಣ್ಣಿನ ಡಾಕ್ಟರು ಚಿತ್ರ ನೋಡಿ ಹೇಳಿದರು. ಉಳಿಯದ್ದೋ ಮುಚ್ಚಳದ್ದೋ ಉಕ್ಕಿನ ಚೂರು, ಸೂಜಿಯ ಹಾಗೆ ತೂರಿ ಒಳಗೆ ಕೂತಿದೆ, ತೂತು ತಾನಾಗಿ ಮುಚ್ಚಿಕೊಂಡಿದೆ, ಅದಕ್ಕೇ ನೋವು ಉಳಿಯಲಿಲ್ಲ. ಒಂದು ವರ್ಷದಿಂದ ಅದು ಕಣ್ಣೊಳಗೇ ತುಕ್ಕು ಹಿಡಿಯುತ್ತಾ ಇದೆ, ಆ ತುಕ್ಕು ಹರಡಿ ಪಾಪೆಯೂ ಕೆಲಸ ನಿಲ್ಲಿಸಿದೆ, ಬಣ್ಣವೂ ತಿರುಗಿದೆ, ನೋಟವೂ ಮಂಕಾಗಿದೆ. ತಲೆಯೊಳಗೆ ಬೆಳೆದದ್ದು ಏನೂ ಇರಲಿಕ್ಕಿಲ್ಲ. ಇದನ್ನು ನಾನು ಮೊದಲೇ ಕೇಳಬೇಕಿತ್ತು ಅಂದರು. ಆ ಮಿಷನ್ನಿನೊಳಗೆ ಹೋಗಿದ್ದರೆ ಎಂದು ಅಳಿಯ ಕೇಳಿದ. ಚೂರು ಅಲ್ಲೇ ಕೂತಿರುತ್ತಿರಲಿಲ್ಲ, ಕಣ್ಣನ್ನು ಸೀಳಿಕೊಂಡು ಸರಿಯುತ್ತಿತ್ತು ಅಂದರು.

ಅಳಿಯ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತ. ಜೀವಮಾನವೆಲ್ಲ ತುಕ್ಕು ಕೆರೆದವನು. ಮೇಲೆ ಬಣ್ಣ ನೆಟ್ಟಗಿದ್ದು ಒಳಗೊಳಗೇ ತುಕ್ಕು ತಿಂದ ಸರಳುಗಳನ್ನು ಎಷ್ಟು ನೋಡಿಲ್ಲ. ಅತ್ತೆ, ಒಂದು ಕೋಟ್ ಜಾಸ್ತಿ ಅಂತ ನಾನೇ ತಮಾಷೆ ಮಾಡಿದ್ದೆ ಅಂದ. ಮತ್ತೆ ಆ ತುಕ್ಕಿನ ಮಾತನ್ನು ಅವನು ಯಾರ ಮುಂದೆಯೂ ಆಡಿದ್ದು ನಾನು ಕೇಳಿಲ್ಲ.

ಆಪರೇಷನ್ನಿನ ಹಿಂದಿನ ದಿನ ಮರಳಕ್ಕ ಡಾಕ್ಟರನ್ನು ಕೇಳಿದಳು, ಅಷ್ಟು ಸಣ್ಣ ಚೂರನ್ನು ಹೇಗೆ ಹಿಡಿಯುತ್ತೀರಿ ಎಂದು. ಕಣ್ಣಿನ ಬದಿಯಲ್ಲಿ ಸಣ್ಣ ದಾರಿ ಮಾಡಿ, ಸ್ವೆಟರ್ ಹೆಣೆಯುವ ಕಡ್ಡಿಗಿಂತ ತೆಳ್ಳಗಿನ ಆಯಸ್ಕಾಂತದ ಕಡ್ಡಿ ಒಳಗೆ ಬಿಡುತ್ತೇವೆ, ಅದೇ ಬಂದು ಅಂಟಿಕೊಳ್ಳುತ್ತದೆ ಎಂದರು. ಇವಳು ಹಾಸಿಗೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಕವರ್ ಸುತ್ಕೋತೀರಾ ಎಂದು ಕೇಳಿದಳು. ಡಾಕ್ಟರಿಗೆ ಅರ್ಥವಾಗಲಿಲ್ಲ. ನಮ್ಮಿಬ್ಬರಿಗೆ ಆಯಿತು, ಆದರೆ ನಗುವ ಶಕ್ತಿ ಇರಲಿಲ್ಲ.

ಒಳಗೆ ಕರೆದುಕೊಂಡು ಹೋದ ಮೇಲೆ ನಾವಿಬ್ಬರೂ ಬಾಗಿಲನ್ನೇ ನೋಡುತ್ತಾ ಕೂತೆವು. ಮೇಡಂ ಬಂದರು. ಕೂದಲಿಗೆ ಪೆನ್ನು ಸಿಕ್ಕಿಸಿರಲಿಲ್ಲ, ಎಲ್ಲಾ ಬಿಚ್ಚಿಹೋಗಿತ್ತು. ಇಲ್ಲ ಅನ್ನು ಅಂತ ನಾನೇ ಹೇಳಿದ್ದು ಎಂದು ಒಂದು ಸಲ ಅಂದರು, ಸ್ವಲ್ಪ ಹೊತ್ತು ಬಿಟ್ಟು ಮತ್ತೊಂದು ಸಲ ಅಂದರು. ಅವರ ಕೈಗೆ ನೀರಿನ ಬಾಟಲಿ ಕೊಟ್ಟೆ. ಕುಡಿಯಲಿಲ್ಲ, ಹಿಡಿದುಕೊಂಡೇ ಇದ್ದರು.

ಚೂರು ಬಂತು. ಒಂದು ಸಣ್ಣ ಸೀಸೆಯಲ್ಲಿ ಹಾಕಿ ಕೊಟ್ಟರು. ಅಳಿಯ ಬೆಳಕಿಗೆ ಹಿಡಿದು ನೋಡಿದ, ಮೇಡಂ ನೋಡಿದರು, ನಾನು ನೋಡಿದೆ. ಮರಳಕ್ಕ ಮಾತ್ರ ಅದನ್ನು ಮನೆಗೆ ತರಬೇಡಿ ಅಂದಳು. ಎಡಗಣ್ಣಿಗೆ ಬಟ್ಟೆ ಕಟ್ಟಿದ್ದ ಮುಖವನ್ನು ಮೇಡಮ್ಮಿನ ಕಡೆ ತಿರುಗಿಸಿ, ನೀವು ಪುಡಿ ವಿಷಯ ಹೇಳಿದ್ರಿ ಮೇಡಂ, ಅದು ಸರೀನೇ ಇತ್ತು, ಈ ಚೂರಿನ ನೆನಪು ನಿಮಗೂ ಬರಲಿಲ್ಲ, ನನಗೂ ಬರಲಿಲ್ಲ ಅಂದಳು. ಮೇಡಂ ಅವಳ ಕಾಲಿನ ಹತ್ತಿರ ಕೂತು ಹೊದಿಕೆ ಸರಿಮಾಡುತ್ತಾ ಇದ್ದರು.

ಈಗ ಪ್ರಯೋಗಶಾಲೆಯಲ್ಲಿ ಮುಚ್ಚಳಕ್ಕೆ ಉಳಿ ಮುಟ್ಟಿಸುವ ಹಾಗಿಲ್ಲ. ಬಿಸಿನೀರಿನಲ್ಲಿ ನೆನೆಹಾಕಿ, ಮರದ ಕೊಡತಿಯಿಂದ ತಟ್ಟಬೇಕು, ಕಣ್ಣಿಗೆ ದಪ್ಪ ಕನ್ನಡಕ, ಮೂಗಿಗೆ ಗವಸು. ಯಾರಾದರೂ ಮರೆತರೆ ಮೇಡಂ ಬಾಗಿಲಲ್ಲೇ ತಡೆದು ನಿಲ್ಲಿಸುತ್ತಾರಂತೆ. ಎದೆಯ ಡಾಕ್ಟರೂ ನೋಡಿ, ಸದ್ಯಕ್ಕೆ ಹೆದರುವಂಥದ್ದಿಲ್ಲ, ವರ್ಷಕ್ಕೊಮ್ಮೆ ಬಂದು ಹೋಗಿ ಅಂದಿದ್ದಾರೆ. ಮರಳಕ್ಕ ಕೆಲಸಕ್ಕೆ ಹೋಗುತ್ತಿದ್ದಾಳೆ. ಕಪ್ಪು ಪುಡಿ ಗಾಜಿನ ಗೋಡೆ ಹತ್ತಿ ಬರುವಾಗ ಈಗಲೂ ಮುಖ ಪಕ್ಕಕ್ಕೆ ತಿರುಗಿಸುತ್ತೇನೆ ಅನ್ನುತ್ತಾಳೆ. ಕಣ್ಣಿನ ಡಾಕ್ಟರು ಮಾತು ಕೊಟ್ಟಿಲ್ಲ. ತುಕ್ಕು ಎಷ್ಟು ತಿಂದಿದೆ ಎಂದು ಈಗಲೇ ಹೇಳಲಾಗದು, ಇದ್ದದ್ದು ಉಳಿದರೆ ದೊಡ್ಡದು, ಕಾದು ನೋಡೋಣ ಅಂದಿದ್ದಾರೆ. ದಿನಾ ಬೆಳಿಗ್ಗೆ ಏಳುವ ಮೊದಲು ಅವಳು ಬಲಗಣ್ಣು ಮುಚ್ಚಿಕೊಂಡು ಎದುರಿನ ಗೋಡೆ ನೋಡುವುದನ್ನು ನಾನು ಕಂಡಿದ್ದೇನೆ. ಏನು ಕಾಣುತ್ತದೆ ಎಂದು ಕೇಳುವ ಧೈರ್ಯ ನನಗೆ ಬಂದಿಲ್ಲ.

ನಿನ್ನೆ ಸಂಜೆ ಕೆಲಸದಿಂದ ಬಂದು, ಕೈಕಾಲು ತೊಳೆದು, ಎಂದಿನ ಹಾಗೆ ಕಾಲು ನೀಡಿ ಕೂತಳು. ಬೇಳೆಯ ಡಬ್ಬಿ ಕೊಡು ಅಂದಳು. ಇಷ್ಟು ದಿನ ಆ ಕೆಲಸ ನಾನು ಮಾಡುತ್ತಿದ್ದೆ. ಕೊಟ್ಟೆ. ಮೊರಕ್ಕೆ ಸುರಿದುಕೊಂಡು, ಕಿಟಕಿಯ ಕಡೆ ತಿರುಗಿ, ಎಡಗೈಯಿಂದ ಬಲಗಣ್ಣು ಮುಚ್ಚಿಕೊಂಡಳು. ಬಲಗೈ ಬೆರಳು ಬೇಳೆಯ ಮೇಲೆ ನಿಧಾನವಾಗಿ ಹೋಯಿತು. ಒಂದು ಕಡೆ ನಿಂತಿತು, ಅನುಮಾನ ಪಟ್ಟಿತು, ಮುಂದೆ ಹೋಯಿತು. ನಾನು ಚಾಕು ಹಿಡಿದು ಈರುಳ್ಳಿ ಹೆಚ್ಚುವವಳ ಹಾಗೆ ಕೂತಿದ್ದೆ, ಹೆಚ್ಚುತ್ತಿರಲಿಲ್ಲ. ಬೆರಳು ಹಿಂದಕ್ಕೆ ಬಂದು, ಏನನ್ನೋ ಎತ್ತಿ, ನೆಲದ ಮೇಲೆ ಇಟ್ಟಿತು. ಕಲ್ಲು. ಅದರ ಪಕ್ಕಕ್ಕೇ ಇನ್ನೊಂದು ಇತ್ತು, ಅದು ಅವಳಿಗೆ ಕಾಣಲಿಲ್ಲ. ಅವಳು ಕಣ್ಣಿನಿಂದ ಕೈ ತೆಗೆದು, ಎರಡೂ ಕಣ್ಣಿನಿಂದ ನೋಡಿ, ಅದನ್ನೂ ಎತ್ತಿ ಮೊದಲಿನದರ ಪಕ್ಕ ಇಟ್ಟಳು. ಆಮೇಲೆ ಮೊರ ಎತ್ತಿ ಒಂದು ಸಲ ಕೇರಿ, ನೀನೂ ಒಂದು ಸಲ ನೋಡಿಬಿಡು ಎಂದು ನನ್ನ ಕಡೆ ತಳ್ಳಿ, ಕುಕ್ಕರಿಗೆ ನೀರು ಹಾಕಲು ಎದ್ದಳು.